ಕಲೆಗೆ ಜಾತಿ ಇಲ್ಲವಂತೆ, ಹಾಗಾದರೆ ದೊಡ್ಡವ್ವನ ಹೆಸರೆಲ್ಲಿ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರಲ್ಲಿ ಅದೇ ದಿನ ಫ್ರಾನ್ಸ್ ಸರ್ಕಾರ ದಾಗೇರ್ ಅನ್ನೋನು ಕಂಡುಹಿಡಿದ ಫೋಟೋ ವಿಧಾನವನ್ನು ಜಗತ್ತಿಗೆ ಬಿಟ್ಟುಕೊಟ್ಟಿತು ಅಂತ ಆಚರಣೆ. ಆ ದಿನ ಬೆಳಿಗ್ಗೆ ಗೆಳೆಯರೊಬ್ಬರು ನನಗೆ ಒಂದು ಫೋಟೋ ಕಳಿಸಿದರು. ಕಪ್ಪು-ಬಿಳುಪು. ಮುದುಕಿಯ ಮುಖ, ಅರ್ಧ ಬೆಳಕು, ಅರ್ಧ ಕತ್ತಲು. ಸುಕ್ಕು ಒಂದೊಂದೂ ಎಣಿಸಬಹುದು, ಅಷ್ಟು ಚೂಪು. ಕೆಳಗೆ 'ಬಾಳಸಂಜೆ' ಅಂತ ಶೀರ್ಷಿಕೆ, ತೆಗೆದವರ ಹೆಸರು, ಬಹುಮಾನದ ಪದಕದ ಚಿತ್ರ. ಕಾಮೆಂಟುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. "ಸಾವಿಗಾಗಿ ಕಾಯುವ ಕಣ್ಣುಗಳು" ಅಂತ ಯಾರೋ ಕವಿಗಳು ಬರೆದಿದ್ದರು.

ಅದು ನನ್ನ ದೊಡ್ಡವ್ವ.

ಶಿವರಾತ್ರಿ ಸಮಯದಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋರು ಕೌದಳ್ಳಿ ಮೇಲೇ ಹೋಗ್ತಾರೆ. ಅವರ ಹಿಂದೆ ಕ್ಯಾಮೆರಾದವರೂ ಬರ್ತಾರೆ. ದೊಡ್ಡವ್ವ ಅವತ್ತು ರಸ್ತೆ ಪಕ್ಕ ಹುಣಸೆಮರದ ಕೆಳಗೆ ಕೂತಿದ್ಲು. ಕ್ಯಾಮೆರಾ ಹಿಡಿದವರು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಾಗ, ಯಾರೋ ಆಫೀಸಿನವರು ಅಂದ್ಕೊಂಡು ಕೇಳಿದಾಳೆ: "ಬುದ್ದಿ, ನನ್ ಸಂಧ್ಯಾ ಸುರಕ್ಷಾ ದುಡ್ಡು ಯಾವಾಗ ಬತ್ತದ?" ಅವರು ಹೇಳಿದ್ದು, "ನನ್ನ ನೋಡಬೇಡಿ ಅಜ್ಜಿ, ಆ ಕಡೆ ನೋಡಿ." ಆ ಕಡೆ ನೋಡಿದ್ಲು. ಅಷ್ಟೇ. ಸಾವಿಗಾಗಿ ಕಾಯ್ತಾ ಇರಲಿಲ್ಲ ಕವಿಗಳೇ, ಪೆನ್ಷನ್‌ಗೆ ಕಾಯ್ತಾ ಇದ್ಲು.

ನಾನು ಅಲ್ಲಿ ಎರಡೇ ಪ್ರಶ್ನೆ ಹಾಕಿದೆ. ಇವರ ಹೆಸರೇನು? ಇವರಿಗೆ ಒಂದು ಪ್ರಿಂಟ್ ಕೊಟ್ಟಿರಾ? ಬಂದ ಉತ್ತರಗಳು ನಿಮಗೆ ಗೊತ್ತಿರೋವೇ. "ಕಲೆಗೆ ಜಾತಿ ಇಲ್ಲ." "ಎಲ್ಲದರಲ್ಲೂ ಜಾತಿ ತರಬೇಡಿ." ಕೊನೆಗೆ ಒಬ್ಬರು: "ಮೊದಲು ಫೋಟೋಗ್ರಫಿಯ ಬೇಸಿಕ್ಸ್ ಕಲಿತು ಬನ್ನಿ, ಆಮೇಲೆ ಮಾತಾಡೋಣ."

ಕಲಿತಿದ್ದೀನಿ ಸ್ವಾಮಿ. ಆ ಬೇಸಿಕ್ಸ್ ಬಗ್ಗೆನೇ ಬರೀತೀನಿ, ಕೇಳಿಸ್ಕೊಳ್ಳಿ.

ಕ್ಯಾಮೆರಾಕ್ಕೆ ಕಣ್ಣಿಲ್ಲ, ಒಂದು ಮೀಟರ್ ಇದೆ. ಅದು ಎದುರಿಗಿರೋ ಬೆಳಕನ್ನ ಅಳೆದು, ಇಡೀ ದೃಶ್ಯ ಒಂದು ಮಧ್ಯಮ ಬೂದುಬಣ್ಣ ಅಂತ ಲೆಕ್ಕ ಹಾಕುತ್ತೆ. ಪುಸ್ತಕದಲ್ಲಿ 18 ಪರ್ಸೆಂಟ್ ಗ್ರೇ ಅಂತ ಬರೆದಿರ್ತಾರೆ. ಈಗ ನಮ್ಮ ಅಪ್ಪನನ್ನು ಸುಣ್ಣ ಹೊಡೆದ ಗೋಡೆ ಮುಂದೆ ಬಿಳಿ ಅಂಗಿ, ಬಿಳಿ ಪಂಚೆಲಿ ನಿಲ್ಲಿಸಿ. ಮೀಟರಿಗೆ ಕಾಣೋದೆಲ್ಲ ಬಿಳಿ. "ಅಯ್ಯೋ ಬೆಳಕು ಜಾಸ್ತಿ" ಅಂತ ಅದು ಬೆಳಕನ್ನ ತಗ್ಗಿಸುತ್ತೆ. ಗೋಡೆ ಬೂದಿಯಾಗುತ್ತೆ, ಅಪ್ಪನ ಮುಖ ಇದ್ದಲಾಗುತ್ತೆ. ಮೂಗು ಎಲ್ಲಿ, ಹುಬ್ಬು ಎಲ್ಲಿ ಗೊತ್ತಾಗಲ್ಲ. ಅದೇ ಅಪ್ಪನ ಮುಖ ಮಾತ್ರ ಚೌಕಟ್ಟು ತುಂಬೋ ಹಾಗೆ ಹತ್ತಿರ ಹೋಗಿ ತೆಗೀರಿ. ಈಗ ಮೀಟರು "ಕತ್ತಲೆ, ಕತ್ತಲೆ" ಅಂತ ಬೆಳಕು ಏರಿಸುತ್ತೆ, ಎಣ್ಣೆಗಪ್ಪಿನ ಹೊಳಪೆಲ್ಲ ಹೋಗಿ ಬೂದಿ ಬಳಿದಂಗೆ ಬರುತ್ತೆ. ಎರಡೂ ಅಪ್ಪನ ಬಣ್ಣ ಅಲ್ಲ. ಮೊದಲನೆಯದರಲ್ಲಿ ನೀವು ಬೆಳಕು ಏರಿಸಬೇಕು, ಎರಡನೆಯದರಲ್ಲಿ ಇಳಿಸಬೇಕು. ಮೊಬೈಲಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲೆ ಕೆಳಗೆ ಎಳೀರಿ. ಇದು ಬೇಸಿಕ್ಸ್‌ನ ಮೊದಲನೇ ಪಾಠ. ಇದರಲ್ಲಿ ಜಾತಿ ಇಲ್ಲ, ನಿಜ. ಆದರೆ ಯಾರ ಮುಖ ತಾನಾಗೇ ಸರಿಯಾಗಿ ಬರುತ್ತೆ, ಯಾರ ಮುಖಕ್ಕೆ ಕಲಿತೋರ ಬೆರಳು ಬೇಕು ಅನ್ನೋದರಲ್ಲಿ ಏನಿದೆ ಹೇಳಿ?

ಇದು ಇವತ್ತಿನ ಕತೆಯೂ ಅಲ್ಲ. ಅಮೆರಿಕದ ಕೊಡಾಕ್ ಕಂಪನಿ ಐವತ್ತರ ದಶಕದಲ್ಲಿ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸ್ತಿತ್ತು. ಅದರಲ್ಲಿ ಬಿಳಿ ಹೆಣ್ಣುಮಗಳ ಫೋಟೋ. ಕಂಪನಿಯಲ್ಲೇ ಕೆಲಸ ಮಾಡ್ತಿದ್ದ ಶರ್ಲಿ ಅನ್ನೋರದ್ದು, ಹಾಗಾಗಿ 'ಶರ್ಲಿ ಕಾರ್ಡ್' ಅಂತ ಹೆಸರು ಬಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಅಂತ ಅರ್ಥ. ಕಪ್ಪು ಜನರ ಫೋಟೋದಲ್ಲಿ ಹಲ್ಲು, ಕಣ್ಣು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಆಮೇಲೆ ಫಿಲಂ ಸುಧಾರಿಸಿದ್ದಕ್ಕೆ ಹೇಳೋ ಕಾರಣಗಳಲ್ಲಿ ಒಂದು ಏನು ಗೊತ್ತಾ? ಚಾಕೊಲೇಟ್ ಮಾರೋರು, ಮರದ ಕುರ್ಚಿ ಮೇಜು ಮಾರೋರು ತಕರಾರು ಎತ್ತಿದರಂತೆ, ನಮ್ಮ ಮಾಲಿನ ಕಂದುಬಣ್ಣ ಫೋಟೋದಲ್ಲಿ ಸರಿಯಾಗಿ ಬರ್ತಿಲ್ಲ ಅಂತ. ಮನುಷ್ಯರಿಗಾಗಿ ಅಲ್ಲ, ಮೇಜಿಗಾಗಿ! 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿಗೆ 'ರಿಯಲ್ ಟೋನ್' ಅಂತ ಹೆಸರಿಟ್ಟು, ಕಪ್ಪು ಚರ್ಮವೂ ಸರಿಯಾಗಿ ಬರುತ್ತೆ ಅಂತ ಜಾಹೀರಾತು ಕೊಟ್ಟಿತು. 1839ರಿಂದ 2021. ಲೆಕ್ಕ ನೀವೇ ಹಾಕ್ಕೊಳ್ಳಿ.

ನಮ್ಮಲ್ಲಿ? ಬ್ರಿಟಿಷರು 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದರು. ಜನರನ್ನ ಬುಡಕಟ್ಟುವಾರು, ಜಾತಿವಾರು ನಿಲ್ಲಿಸಿ ತೆಗೆದ ಫೋಟೋಗಳು. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದ. ತಲೆ, ಮೂಗು ಅಳೆದು ಬರ್ಕೊಂಡ ಮಹಾನುಭಾವ ಅವನು. ಫೋಟೋ ಕೆಳಗೆ ಜಾತಿ ಹೆಸರು ಇರುತ್ತೆ, ಮನುಷ್ಯನ ಹೆಸರು ಹುಡುಕಬೇಕು. ಆ ಸಂಪುಟಗಳಿಗೂ ಮೊನ್ನೆಯ 'ಬಾಳಸಂಜೆ'ಗೂ ಏನು ವ್ಯತ್ಯಾಸ ಅಂದರೆ, ಅವರು ಜಾತಿನಾದರೂ ಬರೆದಿದ್ದರು.

ನಾನು ಕಲಿತದ್ದು ಹೇಗೆ ಅಂತ ಹೇಳಬೇಕು. ಒಂದು ಊರಲ್ಲಿ ಎರಡು ದಿನದ ಕಾರ್ಯಾಗಾರ ಅಂತ ಹೋದೆ. ಬೇರೆಯವರ ಕ್ಯಾಮೆರಾ ಸಾಲ ತಗೊಂಡು. ಕಲಿಸಿದವರು ತಂತ್ರ ಚೆನ್ನಾಗೇ ಕಲಿಸಿದರು, ಅದನ್ನ ಇಲ್ಲ ಅನ್ನಲ್ಲ. ಬೆಳಕಿಂಡಿ, ಅಂದರೆ ಅಪರ್ಚರ್, ಎಫ್ 4ರಿಂದ ಎಫ್ 5.6ಕ್ಕೆ ಹೋದರೆ ಬೆಳಕು ಅರ್ಧ, 8ಕ್ಕೆ ಹೋದರೆ ಅದರಲ್ಲೂ ಅರ್ಧ. ಶಟರ್ 1/500ರಲ್ಲಿ ಇಟ್ಟರೆ ಕಂಸಾಳೆ ಬೀಸೋ ಕೈ ಗಾಳಿಲೇ ನಿಲ್ಲುತ್ತೆ, ಬಟ್ಟಲಿನ ಹೊಳಪೂ ನಿಲ್ಲುತ್ತೆ. 1/15ರಲ್ಲಿ ಇಟ್ಟರೆ ಕೈ ಮಸುಕಾಗಿ, ಬಟ್ಟಲು ಬೆಳಕಿನ ಗೆರೆಯಾಗುತ್ತೆ. ಎರಡೂ ಸರಿ, ಏನು ಹೇಳಬೇಕು ಅನ್ನೋದರ ಮೇಲೆ. ಚಿಕ್ಕಲ್ಲೂರು ಜಾತ್ರೆಲಿ ಚಂದ್ರಮಂಡಲ ಹತ್ತಿ ಉರಿಯೋವಾಗ ಕ್ಯಾಮೆರಾವನ್ನ ಆಟೋದಲ್ಲಿ ಬಿಟ್ಟರೆ ಸುತ್ತಲಿನ ಕತ್ತಲೆ ನೋಡಿ ಬೆಳಕು ಏರಿಸಿ ಬೆಂಕಿಯನ್ನ ಬಿಳಿ ಮಚ್ಚೆ ಮಾಡಿಬಿಡುತ್ತೆ. ಬೆಂಕಿಗೆ ಅಳತೆ ಕೊಟ್ಟು, ಅದರ ಬೆಳಕು ಬಿದ್ದ ಮುಖಗಳನ್ನ ಹುಡುಕಬೇಕು. ಇವನ್ನೆಲ್ಲ ಅಲ್ಲಿ ಕಲಿತದ್ದರಿಂದಲೇ ಆಮೇಲೆ ನನಗೆ ಅರ್ಥ ಆಗಿದ್ದು.

ಎರಡನೇ ದಿನ ಬೆಳಿಗ್ಗೆ 'ಫೋಟೋ ವಾಕ್'. ಎಲ್ಲಿಗೆ? ಕೇರಿಗೆ. ಇಪ್ಪತ್ತು ಜನ, ಇಪ್ಪತ್ತು ಕ್ಯಾಮೆರಾ. "ಇಲ್ಲಿ ಟೆಕ್ಸ್ಚರ್ ಚೆನ್ನಾಗಿದೆ" ಅಂದರು. ಗೋಡೆ ಬಿರುಕು, ಒಡೆದ ಹಿಮ್ಮಡಿ, ಮೂಗು ಸೋರೋ ಮಗು, ತಂತಿ ಮೇಲೆ ಒಣಗೋ ಲಂಗ. ಒಬ್ಬ ಅಕ್ಕ ಬಾಗಿಲು ಹಾಕ್ಕೊಂಡ್ರು. ಆ ಬಾಗಿಲಿನ ಫೋಟೋನೂ ತೆಗೆದರು! ಅಗ್ರಹಾರದ ಬೀದಿಗೆ ಯಾಕೆ ವಾಕ್ ಹೋಗಲ್ಲ, ಅಲ್ಲಿ ಅಜ್ಜಂದಿರಿಗೆ ಸುಕ್ಕು ಇಲ್ಲವಾ ಅಂತ ಕೇಳಿದೆ. ನಕ್ಕರು. "ಸರ್, ಅಲ್ಲಿ ಪರ್ಮಿಷನ್ ಕೇಳಬೇಕಾಗುತ್ತೆ" ಅಂದರು. ಹೇಳಿದೋರಿಗೆ ತಾನೇನು ಹೇಳಿದೆ ಅಂತ ಗೊತ್ತಾಗಲೇ ಇಲ್ಲ.

ಅದರಲ್ಲೂ ಕೋನ ನೋಡಿ. ನಿಂತುಕೊಂಡು, ಕೂತ ಮನುಷ್ಯನನ್ನ ಮೇಲಿಂದ ತೆಗೆದರೆ ತಲೆ ದಪ್ಪ, ಕಾಲು ಚಿಕ್ಕದು, ಕಣ್ಣು ಬೇಡೋ ಹಾಗೆ ಮೇಲಕ್ಕೆ. ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಅದೇ ಮನುಷ್ಯ ನಿಮ್ಮ ಜೊತೆ ಮಾತಾಡ್ತಾನೆ. ಹತ್ತಾರು ಪತ್ರಿಕಾ ಫೋಟೋ ನೋಡಿ, ಪರಿಹಾರ ತಗೊಳ್ಳೋರು ಯಾವ ಕೋನದಲ್ಲಿ ಇರ್ತಾರೆ, ಕೊಡೋರು ಯಾವ ಕೋನದಲ್ಲಿ ಇರ್ತಾರೆ ಅಂತ.

ಅಪ್ಪ ತೀರಿಕೊಂಡಾಗ ಮನೇಲಿ ಅವನ ಒಂದು ಫೋಟೋನೂ ಇರಲಿಲ್ಲ. ಗೋಡೆ ಮೇಲೆ ಇದ್ದದ್ದು ಬಾಬಾಸಾಹೇಬರದ್ದು ಮಾತ್ರ. ವೋಟರ್ ಕಾರ್ಡ್ ತಗೊಂಡು ಸ್ಟುಡಿಯೋಗೆ ಹೋದೆ. ಹೆಬ್ಬೆರಳಷ್ಟು ಮುಖವನ್ನ ದೊಡ್ಡದು ಮಾಡಿ, ಕೆಳಗೆ ಯಾರದೋ ಕೋಟು-ಟೈ ಅಂಟಿಸಿ, "ಸ್ವಲ್ಪ ಬೆಳ್ಳಗೆ ಮಾಡ್ಲಾ ಅಣ್ಣ?" ಅಂದ. ನಾನು ಹೂಂ ಅಂದೆ. ಹೂಂ ಅಂದದ್ದು ನಾನೇ. ಹಾರ ಹಾಕೋವಾಗ ಅವ್ವ ಬಹಳ ಹೊತ್ತು ನೋಡಿದ್ಲು. "ಕೋಟು ಚೆಂದಾಗದ, ಬಾಬಾಸಾಯೇಬ್ರಂಗೆ. ಆದ್ರ ಇದು ನಿಮ್ಮಪ್ಪನ ಮೊಕ ಅಲ್ಲ ಕಲ" ಅಂದ್ಲು. ನಿಮ್ಮ ಮನೆಗಳಲ್ಲೂ ಇಂಥ ಫೋಟೋ ಎಷ್ಟಿವೆ ಹೇಳಿ.

ಕೋಟಿನ ವಿಷಯ ಬಂತು ಅಂತ ಹೇಳ್ತೀನಿ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ತನ್ನ ಫೋಟೋವನ್ನ 160ಕ್ಕೂ ಹೆಚ್ಚು ಸಲ ತೆಗೆಸಿದ. ಆ ಶತಮಾನದಲ್ಲಿ ಅಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡವನೇ ಅವನು ಅಂತಾರೆ. ಒಳ್ಳೆ ಕೋಟು, ನೇರ ನೋಟ, ನಗು ಇಲ್ಲ. ನಗೋ ಗುಲಾಮನ ವ್ಯಂಗ್ಯಚಿತ್ರಗಳನ್ನ ಬಿಳಿಯರು ಸಾಕಷ್ಟು ಬರೆದಿದ್ದರು, ಅದಕ್ಕೆ ಇವನ ಉತ್ತರ ಅದು. ಬಾಬಾಸಾಹೇಬರ ನೀಲಿ ಕೋಟು ಯಾಕೆ ಅಂತ ಕೇಳೋರಿಗೆ ಇದನ್ನೂ ಓದೋಕೆ ಹೇಳಿ.

ಗಾರ್ಡನ್ ಪಾರ್ಕ್ಸ್ ಅಂತ ಇನ್ನೊಬ್ಬ. ರೈಲಿನಲ್ಲಿ ವೇಟರ್ ಆಗಿದ್ದ ಕಪ್ಪು ಹುಡುಗ, ಗಿರವಿ ಅಂಗಡಿಯಲ್ಲಿ ಏಳೂವರೆ ಡಾಲರಿಗೆ ಕ್ಯಾಮೆರಾ ಕೊಂಡು ತಾನೇ ಕಲಿತ. 1942ರಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಚೇರಿಯಲ್ಲಿ ಕಸ ಗುಡಿಸ್ತಿದ್ದ ಹೆಣ್ಣುಮಗಳನ್ನ ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿ, ಒಂದು ಕಡೆ ಪೊರಕೆ, ಇನ್ನೊಂದು ಕಡೆ ನೆಲ ಒರೆಸೋ ಕೋಲು ಇಟ್ಟು ಫೋಟೋ ತೆಗೆದ. ಜಗತ್ಪ್ರಸಿದ್ಧ ಆಯಿತು. ನನಗೆ ಮುಖ್ಯ ಅನಿಸೋದು ಅದಲ್ಲ. ಅವಳ ಹೆಸರು ಎಲಾ ವಾಟ್ಸನ್ ಅಂತ ನಮಗೆ ಗೊತ್ತಿದೆ. ಪಾರ್ಕ್ಸ್ ಅವಳ ಕತೆ ಕೇಳಿ, ಅವಳ ಮನೆಗೆ ಹೋಗಿ, ಮೊಮ್ಮಕ್ಕಳ ಜೊತೆ, ಚರ್ಚಿನಲ್ಲಿ, ಮತ್ತೆ ಮತ್ತೆ ತೆಗೆದ. ಇಲ್ಲೇ ನೋಡಿದರೆ, ಮುಂಬೈನ ಪೌರಕಾರ್ಮಿಕರನ್ನ ವರ್ಷಗಟ್ಟಲೆ ತೆಗೆದ ಸುಧಾರಕ ಓಲ್ವೆ ಇದ್ದಾರೆ, 2016ರಲ್ಲಿ ಪದ್ಮಶ್ರೀ ಬಂತು. ಮಧುರೈ ಕಡೆಯ ಜೈಸಿಂಗ್ ನಾಗೇಶ್ವರನ್ ಸ್ವಂತ ಮನೆಯೋರನ್ನೇ ತೆಗೀತಾರೆ. ಮಲ ಹೊರೋರ ಬಗೆಗಿನ 'ಕಕ್ಕೂಸ್' ಚಿತ್ರಕ್ಕೆ ಕ್ಯಾಮೆರಾ ಹಿಡಿದ ಪಳನಿ ಕುಮಾರ್ ಇದ್ದಾರೆ. ಸುಕ್ಕು, ಬಿರುಕು ಇವರ ಫೋಟೋಗಳಲ್ಲೂ ಇವೆ. ಆದರೆ ಅಲ್ಲಿ ಮನುಷ್ಯ ನಿಮ್ಮನ್ನೇ ನೋಡ್ತಿರ್ತಾನೆ.

ಈಗ ನನ್ನ ತಪ್ಪಿಗೆ ಬರ್ತೀನಿ. ಬೇರೆಯವರಿಗೆ ಬೈದು ಇದನ್ನ ಮುಚ್ಚಿಟ್ಟರೆ ಆಗಲ್ಲ.

ನಮ್ಮ ಕಡೆಯ ಒಂದೂರು, ಹೆಸರು ಬೇಡ, ವಿಚಾರಣೆ ನಡೀತಿದೆ. ಸ್ಮಶಾನದ ದಾರಿಗೆ ಮುಳ್ಳುತಂತಿ ಬಿತ್ತು. ಮಳೆಗಾಲದಲ್ಲಿ ಒಬ್ಬರು ತೀರಿಕೊಂಡಾಗ ಹೆಣವನ್ನ ಮೊಣಕಾಲುದ್ದ ನೀರಿರೋ ಹಳ್ಳದಲ್ಲಿ ಹೊತ್ತುಕೊಂಡು ಹೋದರು. ಹೊತ್ತು ಮುಳುಗಿತ್ತು. ನಾನು ಮೊಬೈಲಲ್ಲಿ ನಲವತ್ತು ಫೋಟೋ ತೆಗೆದೆ. ಬೆಳಕು ಕಡಿಮೆ ಇದ್ದಾಗ ಫೋನು ತಾನಾಗೇ ಶಟರ್ ನಿಧಾನ ಮಾಡುತ್ತೆ, ನಡೆಯೋ ಜನ ನೀರಿನ ಮೇಲಿನ ನೆರಳಂಗೆ ಬಂದಿದ್ದರು. ಅದನ್ನೇ ಗ್ರೂಪಿಗೆ ಹಾಕಿದೆ. ಅರ್ಧ ಗಂಟೇಲಿ ಜಿಲ್ಲೆಯೆಲ್ಲ ಸುತ್ತಿ, ಯಾರೋ ಕೆಂಪಕ್ಷರ ಬರೆದು, ನನಗೇ ಫಾರ್ವರ್ಡ್ ಆಗಿ ಬಂತು. ಅಧಿಕಾರಿ ಕನ್ನಡಕ ಎತ್ತಿ ನೋಡಿ, "ಇದರಲ್ಲಿ ಹಳ್ಳನೂ ಕಾಣಲ್ಲ, ಹೆಣನೂ ಕಾಣಲ್ಲ. ಯಾವೂರು, ಯಾವ ದಿನ ಅಂತ ಹೇಗೆ ನಂಬೋದು?" ಅಂದರು. ಚೆನ್ನಾಗಿ ತೆಗೆದಿದ್ದರೆ ಬೇರೆ ನೆಪ ಹುಡುಕ್ತಿದ್ದರು, ಗೊತ್ತು. ಆದರೆ ಈ ನೆಪವನ್ನ ಕೈಯಾರೆ ಕೊಟ್ಟವನು ನಾನು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ತೀರಿಕೊಂಡವರ ಮಗಳು ಮೂರನೇ ದಿನ ಬಂದು ಕೇಳಿದ್ಲು: "ಅಣ್ಣ, ನಮ್ಮಪ್ಪನ್ನ ಆ ಸ್ಥಿತೀಲಿ ಹಾಕೋ ಮುಂಚೆ ನನ್ನ ಒಂದ್ಮಾತು ಕೇಳ್ಬೇಕು ಅನ್ನುಸ್ಲಿಲ್ವಾ?" ಪದಕ ಗೆದ್ದವರಿಗೂ ನನಗೂ ಆ ಹೊತ್ತಲ್ಲಿ ಏನು ವ್ಯತ್ಯಾಸ ಇತ್ತು? ಇನ್ನೂ ಉತ್ತರ ಸಿಕ್ಕಿಲ್ಲ. ಅವಳ ಹತ್ತಿರ ಕ್ಷಮೆ ಕೇಳಿದೆ. ಅವಳೇ ಮಾರನೇ ದಿನ ನನ್ನನ್ನ ಕರ್ಕೊಂಡು ಹೋಗಿ ಎಲ್ಲಿಂದ ತಂತಿ ಶುರು, ಎಲ್ಲಿ ಹಳೇ ದಾರಿ ಅಂತ ತೋರಿಸಿದ್ಲು. ಬೆಳಿಗ್ಗೆ ಏಳು ಗಂಟೆ ಓರೆ ಬಿಸಿಲಲ್ಲಿ ತೆಗೆದೆ, ಸವೆದ ಕಾಲುದಾರಿಯ ತಗ್ಗು ಆ ಬೆಳಕಲ್ಲೇ ಕಾಣೋದು, ಮಧ್ಯಾಹ್ನ ಕಾಣಲ್ಲ. ಮೊದಲು ದೂರದಿಂದ: ಬೆಟ್ಟ, ಕರೆಂಟ್ ಕಂಬ, ತಂತಿ, ದಾರಿ ಎಲ್ಲ ಒಂದೇ ಚೌಕಟ್ಟಲ್ಲಿ. ಆಮೇಲೆ ಬಾಂದು ಕಲ್ಲು ಮತ್ತೆ ತಂತಿ. ಆಮೇಲೆ ಹತ್ತಿರದಿಂದ, ಕಂಬದ ಬುಡದಲ್ಲಿ ಟೇಪು ಹಿಡಿದು. ಈ ಸಲ ಸರ್ವೆಯವರು ಬಂದು ಅಳೆದರು. ತಂತಿ ಇನ್ನೂ ಅಲ್ಲೇ ಇದೆ.

ವಕೀಲರು ಹೇಳಿದ್ದನ್ನ ಎಲ್ಲರೂ ನೆನಪಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಮೊಬೈಲ್ ಫೋಟೋ, ವಿಡಿಯೋ ಕೋರ್ಟಿಗೆ ಹಾಜರು ಮಾಡಬೇಕಾದರೆ ಅದರ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಹಿಂದೆ 65ಬಿ ಅಂತಿದ್ದರಲ್ಲ, ಅದೇ. ಈಗ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೀಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂಗೆ, ಫೈಲು ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತೆ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತೆ, ತೆಗೆದ ಸಮಯ, ಜಾಗದ ವಿವರ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲು ಮುಟ್ಟಬೇಡಿ, ಮೇಲೆ ಸಂಘಟನೆ ಹೆಸರು ಬರೀಬೇಡಿ, ಬ್ಯೂಟಿ ಮೋಡ್ ಆಫ್ ಮಾಡಿ, ಆ ಫೋನನ್ನ ಮಾರಬೇಡಿ. ಅಟ್ರಾಸಿಟಿ ಕಾಯ್ದೆಯ 15ಎ ಕಲಂ ಕೂಡ ಪ್ರಕರಣದ ನಡವಳಿಗಳನ್ನ ವಿಡಿಯೋ ಮಾಡಬೇಕು ಅನ್ನುತ್ತೆ. ಅದನ್ನ ಕೇಳಿ ಪಡೆಯೋದು ನಿಮ್ಮ ಹಕ್ಕು.

ಫೋಟೋ ಕಲಿಯೋದು ದುಡ್ಡಿದ್ದೋರ ಹವ್ಯಾಸ, ನಮಗೆ ಹೊಟ್ಟೆಪಾಡು ಮುಖ್ಯ ಅಂತ ನಮ್ಮ ಸಂಗಾತಿಗಳೇ ಅಂತಾರೆ. ಹೊಟ್ಟೆಪಾಡಿಗೇ ಬರ್ತೀನಿ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಗೆ ದಿನಕ್ಕೆ ಎರಡು ಸಲ ಸ್ಥಳದಲ್ಲೇ ಫೋಟೋ ತೆಗೆದು ಆ್ಯಪಿಗೆ ಹಾಕಬೇಕು ಅಂತ ಕೇಂದ್ರ ಕಡ್ಡಾಯ ಮಾಡಿತು. ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಹೇಗಿದೆ ಗೊತ್ತಲ್ಲ. ಸೆರಗು ಹೊದ್ದ ಹೆಂಗಸರು, ನೆತ್ತಿ ಮೇಲಿನ ಬಿಸಿಲು, ಮುಖವೆಲ್ಲ ನೆರಳು. ಕೂಲಿ ನಿಂತಿರೋದೇ ಒಂದು ಫೋಟೋ ಮೇಲೆ, ಫೋಟೋ ನಮಗೆ ಬೇಡ ಅಂತೀರಾ?

ನಮ್ಮವರದ್ದು ಇನ್ನೊಂದು ಕಾಯಿಲೆ. ಮನವಿ ಕೊಡೋವಾಗ ಹದಿನೈದು ಜನ ಸಾಲಾಗಿ ನಿಂತು ಒಂದು ಹಾಳೆ ಹಿಡಿದ ಫೋಟೋ. ಮನವಿ ಯಾವುದಕ್ಕೆ ಅಂತ ಫೋಟೋದಲ್ಲಿ ಇರಲ್ಲ. ಕೆಟ್ಟ ಚರಂಡಿ, ಬಿದ್ದ ಹಾಸ್ಟೆಲ್ ಗೋಡೆ, ಒಣಗಿದ ನಲ್ಲಿ, ಇವುಗಳ ಫೋಟೋ ಒಂದೂ ಇರಲ್ಲ, ಶಾಲು-ಹಾರದ್ದು ನೂರು ಇರುತ್ತೆ. ನಾನೂ ಆ ಸಾಲಲ್ಲಿ ಎಷ್ಟೋ ಸಲ ನಿಂತಿದ್ದೀನಿ, ಅದು ಬೇರೆ.

ನಮ್ಮ ಸೀಮೆ ಅಂದರೆ ಹೊರಗಿನವರಿಗೆ ಬಹಳ ವರ್ಷ ಒಂದೇ ಫೋಟೋ ಇತ್ತು, ದಪ್ಪ ಮೀಸೆ, ಕೈಲಿ ಬಂದೂಕು. 2004ರ ಅಕ್ಟೋಬರಲ್ಲಿ ಆ ಮೀಸೆಯ ಕತೆಯೂ ಮುಗೀತು. ಆಮೇಲೆ 2018ರ ಡಿಸೆಂಬರ್ 14, ಸುಳ್ವಾಡಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ವಿಷ, 17 ಜನ ಸತ್ತರು. ಸತ್ತವರಲ್ಲಿ ನಮ್ಮವರೂ ಇದ್ದರು. ಎಷ್ಟು ಕ್ಯಾಮೆರಾ ಬಂದವು! ಅಳೋರ ಬಾಯಿಗೆ ಮೈಕು ಹಿಡಿದರು. ಬದುಕಿ ಉಳಿದವರು ಹೇಗಿದ್ದಾರೆ, ಮಕ್ಕಳು ಏನು ಮಾಡ್ತಿದ್ದಾರೆ ಅಂತ ವರ್ಷವರ್ಷ ಹೋಗಿ ತೆಗೆಯೋ ಕ್ಯಾಮೆರಾ ಹೊರಗಿಂದ ಬರಲ್ಲ. ಅದು ನಮ್ಮ ಮಕ್ಕಳ ಕೈಲೇ ಇರಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಲ್ಲಿ ಫೋಟೋಗ್ರಫಿ ಓದಬಹುದು, ಕೌದಳ್ಳಿಯಿಂದ ನೂರು ಕಿಲೋಮೀಟರಿನ ಆಸುಪಾಸು. ಎಷ್ಟು ಜನ ನಮ್ಮ ಹುಡುಗಿಯರಿಗೆ ಅಂಥದ್ದೊಂದು ಇದೆ ಅಂತ ಹೇಳಿದ್ದೀವಿ?

ಹೋದ ವಾರ ದೊಡ್ಡವ್ವನ ಫೋಟೋ ತೆಗೆದೆ. ಬಾಗಿಲಿನ ಪಕ್ಕ ಜಗಲಿ ಮೇಲೆ ಕೂರಿಸಿ, ನೇರ ಬಿಸಿಲಲ್ಲ, ಒಳ್ಳೆ ತಂಪು ಬೆಳಕು. ಇನ್ನೊಂದು ಪಕ್ಕಕ್ಕೆ ಬಿಳಿ ಪಂಚೆ ಹಿಡಿದುಕೊಳ್ಳೋಕೆ ತಮ್ಮನ ಮಗಳಿಗೆ ಹೇಳಿದೆ, ನೆರಳಿನ ಕೆನ್ನೆಗೂ ಬೆಳಕು ಬಂತು. ಕಪ್ಪು ಹಾಗೇ ಬಂತು, ಹೊಳೆಯೋ ಕಪ್ಪು. "ಎತ್ತಗ ನೋಡ್ಲ?" ಅಂದ್ಲು. ನಿನಗೆಲ್ಲಿ ಬೇಕೋ ಅಲ್ಲಿ ನೋಡು ಅಂದೆ. ನನ್ನನ್ನೇ ದುರುಗುಟ್ಟಿಕೊಂಡು ನೋಡಿದ್ಲು. ಕೊಳ್ಳೇಗಾಲದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟಾಗ ಹೇಳಿದ್ದು: "ಇದ್ನ ಟ್ರಂಕ್ ಒಳಗ ಮಡಗು. ಆಮ್ಯಾಕ ಯಾರೂ ಬೆಳ್ಳಗ ಮಾಡದು ಬ್ಯಾಡ." ಅವಳ ಹೆಸರನ್ನ ಇಲ್ಲಿ ಹಾಕ್ತಿಲ್ಲ. ಹಾಕ್ಲಾ ಅಂತ ಕೇಳಿದೆ, ಪೆನ್ಷನ್ ಬಂದ ಮೇಲೆ ಹಾಕು ಅಂದಿದ್ದಾಳೆ.

'ಬಾಳಸಂಜೆ' ತೆಗೆದವರಿಗೆ ವಿಳಾಸ ಇನ್‌ಬಾಕ್ಸಿಗೆ ಕಳಿಸಿದ್ದೀನಿ. ಒಂದು ಪ್ರಿಂಟ್ ಕಳಿಸಿ, ಆಗದಿದ್ದರೆ ಆ ಫೋಟೋ ತೆಗೆದುಹಾಕಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಕೇರಿಯ ಭವನದ ಮುಂದೆ ಸೇರ್ತಿದ್ದೀವಿ. ಏಳು ಅಂದರೆ ಏಳು, ಒಂಬತ್ತಕ್ಕೆ ಬೆಳಕು ಕೆಡುತ್ತೆ. ಯಾವ ಫೋನಾದರೂ ಸರಿ, ಲೆನ್ಸಿನ ಗಾಜು ಮೆತ್ತಗಿನ ಬಟ್ಟೇಲಿ ಒರೆಸಿಕೊಂಡು, ಸ್ವಲ್ಪ ಜಾಗ ಖಾಲಿ ಮಾಡ್ಕೊಂಡು ಬನ್ನಿ. ಮನೇಲಿ ಫೋಟೋ ಇಲ್ಲದ ಹಿರಿಯರಿದ್ದರೆ ಕರ್ಕೊಂಡು ಬನ್ನಿ, ಮೊದಲು ಅವರದ್ದೇ. ಶುಲ್ಕ ಇಲ್ಲ. ಟೀ ಖರ್ಚು ಯಾರಾದರೂ ನೋಡ್ಕೊಳ್ಳಿ.

ಜೈಭೀಮ್.